ಅಂಗೈಯಗಲದ ಮೋಡ

(ಮನೆಮಂದಿಯೆಲ್ಲ ಕೂತು ಓದಲು: ಅರಸುಗಳು ಪ್ರಥಮ ಗ್ರಂಥ ೧೭:೭-೧೬ ಮತ್ತು ೧೮:೪೧-೪೬)



ಭಾನುವಾರದ ಬಲಿಪೂಜೆ ಮುಗಿಸಿ ದೇವಾಲಯದ ಹೊಸ್ತಿಲು ದಾಟಿದ ಜನ ಮೊದಲು ಏನು ಮಾಡುತ್ತಾರೆಂದು ನೀವು ಗಮನಿಸಿದ್ದೀರಾ? ಬೇರೆ ತಿಂಗಳುಗಳಲ್ಲಿ ಚಪ್ಪಲಿ ಹುಡುಕುತ್ತಾರೆ, ಮಕ್ಕಳನ್ನು ಕೂಗುತ್ತಾರೆ. ಉತ್ತರೆ, ಹಸ್ತ, ಚಿತ್ತೆ ಮಳೆಗಳ ದಿನಗಳಲ್ಲಿ ಮಾತ್ರ ಎಲ್ಲರೂ ಮೊದಲು ತಲೆಯೆತ್ತಿ ಮೂಡಣ ದಿಕ್ಕನ್ನು ನೋಡುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ, "ಈ ಸಲ ಹೆಂಗಂತೆ ಸ್ವಾಮಿ? ಮೊಬೈಲಲ್ಲಿ ಏನ್ ತೋರ್ಸುತ್ತೆ?" ಎಂದು ಕೇಳುತ್ತಾರೆ. ದೇವರ ಮನೆಯಿಂದ ಈಗ ತಾನೇ ಹೊರಬಂದವರು, ಪ್ರಾರ್ಥನೆಯಲ್ಲಿ ಮಳೆ ಬೇಡಿಕೊಂಡವರು, ಹವಾಮಾನದ ಸುದ್ದಿ ಕೇಳುವುದು ತಪ್ಪೇ? ಅದು ನಂಬಿಕೆಯ ಕೊರತೆಯೇ? ಇಂದು ಈ ಪ್ರಶ್ನೆಯನ್ನು ನಿಮ್ಮೊಡನೆ ಕೂತು ಯೋಚಿಸಬೇಕೆಂದಿದ್ದೇನೆ. ಇದಕ್ಕೆ ನಾನು ಒಮ್ಮೆ ಕೊಟ್ಟ ಉತ್ತರದಿಂದ ಒಬ್ಬ ತಾಯಿಗೆ ನಷ್ಟವಾಯಿತು. ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ಬೆಟ್ಟಗಳ ನಡುವಿನ ಹೊಲಗಳು

ನಾನು ಹೇಳುತ್ತಿರುವುದು ಚಾಮರಾಜನಗರ ಜಿಲ್ಲೆಯ ಹನೂರು ಸೀಮೆಯ ಮಾತು. ಪಡುವಣಕ್ಕೆ ಬಿಳಿಗಿರಿರಂಗನ ಬೆಟ್ಟ, ಮೂಡಣಕ್ಕೆ ಮಲೆ ಮಹದೇಶ್ವರ ಬೆಟ್ಟ, ನಡುವೆ ರಾಗಿ, ಜೋಳ, ಹುರುಳಿ, ಅವರೆಯ ಹೊಲಗಳು. ಜುಲೈ ತಿಂಗಳಲ್ಲಿ ಕೊಡಗಿನಲ್ಲೂ ವಯನಾಡಿನಲ್ಲೂ ಹಗಲಿರುಳು ಮಳೆ ಸುರಿದು ಕಾವೇರಿ, ಕಬಿನಿ ಕೆಂಪಾಗಿ ಹರಿಯುವಾಗಲೂ ನಮ್ಮ ಕಣಿವೆಯಲ್ಲಿ ಬೀಸುವುದು ಹೆಚ್ಚಾಗಿ ಒಣಗಾಳಿಯೇ. ಮುಂಗಾರಿನ ಮೋಡ ಘಟ್ಟದ ಮೇಲೆಯೇ ತನ್ನ ಹೊರೆ ಇಳಿಸಿ ಬರಿಗೈಯಲ್ಲಿ ನಮ್ಮ ಕಡೆ ಬರುತ್ತದೆ. ಕಾಲುವೆಯ ನೀರು ಕಂಡ ಊರುಗಳು ಬೇರೆ. ನಮ್ಮ ಬಹುಪಾಲು ಹೊಲಗಳು ಆಕಾಶವನ್ನೇ ನಂಬಿದವು. ನಮ್ಮ ಪಾಲಿನ ಮಳೆ ಸೆಪ್ಟೆಂಬರಿನ ಗುಡುಗಿನೊಡನೆ ಶುರುವಾಗಿ ಅಕ್ಟೋಬರ್, ನವೆಂಬರಿನಲ್ಲಿ ಬಂಗಾಳ ಕೊಲ್ಲಿಯ ಕಡೆಯಿಂದ ಬರಬೇಕು. ಆಗ ರಾಗಿ ತೆನೆಯಲ್ಲಿ ಕಾಳು ಕಟ್ಟುತ್ತಿರುತ್ತದೆ, ಹುರುಳಿ ಬಿತ್ತುವ ಹದ ಕಾಯುತ್ತಿರುತ್ತದೆ. ಆ ಎರಡು ಮೂರು ಹದ ಮಳೆ ತಪ್ಪಿದರೆ ವರ್ಷವೇ ತಪ್ಪಿದಂತೆ.

ಇಂತಹ ನೆಲದಲ್ಲಿ ಹುಟ್ಟಿದ್ದು ದುರದೃಷ್ಟವೆಂದು ಹಲವರು ಕೊರಗುತ್ತಾರೆ. ಅವರಿಗೆ ನಾನು ಧರ್ಮೋಪದೇಶಕಾಂಡದ ಹನ್ನೊಂದನೆಯ ಅಧ್ಯಾಯವನ್ನು ತೆರೆದು ತೋರಿಸುತ್ತೇನೆ. ಅಲ್ಲಿ ಮೋಶೆ ಎರಡು ನಾಡುಗಳನ್ನು ಹೋಲಿಸುತ್ತಾನೆ. ಈಜಿಪ್ಟಿನಲ್ಲಿ ಜನ ಬಿತ್ತಿದ ಮೇಲೆ, ಕಾಯಿಪಲ್ಲೆಯ ತೋಟಕ್ಕೆ ಹಾಯಿಸುವಂತೆ, ಕಾಲಿನಿಂದ ನೀರು ಹಾಯಿಸುತ್ತಿದ್ದರು. ದೇವರು ವಾಗ್ದಾನ ಮಾಡಿದ ನಾಡಾದರೋ ಬೆಟ್ಟ ಕಣಿವೆಗಳ ನಾಡು, ಆಕಾಶದ ಮಳೆಯನ್ನೇ ಕುಡಿಯುವ ನಾಡು, ವರ್ಷದ ಮೊದಲಿನಿಂದ ಕೊನೆಯವರೆಗೂ ದೇವರ ಕಣ್ಣು ಇರುವ ನಾಡು. ನೋಡಿದಿರಾ? ಕಾಲುವೆಯ ನಾಡು ಗುಲಾಮಗಿರಿಯ ನಾಡಾಗಿತ್ತು. ಮಳೆ ಕಾಯುವ ಹೊಲಗಳ ನಾಡನ್ನೇ ದೇವರು ತನ್ನ ಜನರಿಗೆ ಆರಿಸಿಕೊಟ್ಟರು. ಕಾಯುವುದು ಶಾಪವಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಮುನ್ಸೂಚನೆ ಹೇಳುವುದೇನು?

ಪ್ರತಿ ವರ್ಷ ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಭಾರತ ಹವಾಮಾನ ಇಲಾಖೆ ಹಿಂಗಾರಿನ ಮುನ್ಸೂಚನೆ ಕೊಡುತ್ತದೆ. ತಮಿಳುನಾಡು, ಕೇರಳ, ಆಂಧ್ರದ ಕರಾವಳಿ, ರಾಯಲಸೀಮೆ ಮತ್ತು ನಮ್ಮ ಕರ್ನಾಟಕದ ದಕ್ಷಿಣ ಒಳನಾಡು, ಈ ಐದೂ ಸೇರಿದ ದೊಡ್ಡ ಪ್ರದೇಶಕ್ಕೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಎಷ್ಟು ಮಳೆಯಾದೀತೆಂಬ ಲೆಕ್ಕ ಅದು. ೧೯೭೧ರಿಂದ ೨೦೨೦ರವರೆಗಿನ ಐವತ್ತು ವರ್ಷಗಳ ಸರಾಸರಿ ಸುಮಾರು ೩೩೪ ಮಿಲಿಮೀಟರ್. ಅದರ ಶೇಕಡಾ ೮೮ರಿಂದ ೧೧೨ರವರೆಗೆ ಬಿದ್ದರೆ 'ವಾಡಿಕೆ' ಎನ್ನುತ್ತಾರೆ. ಆದ್ದರಿಂದ ವಾಡಿಕೆ ಮಳೆಯ ಸಂಭವ ಹೆಚ್ಚು ಎಂದು ಕೇಳಿದಾಗ, ನಮ್ಮ ಹೊಲಕ್ಕೆ ಮಳೆ ಬಂತೆಂದು ತಿಳಿಯಬಾರದು. ಮದ್ರಾಸಿನ ಕಡಲತೀರಕ್ಕೆ ಒಂದೇ ಚಂಡಮಾರುತ ಮೂರು ದಿನ ಸುರಿದು ಸರಾಸರಿಯನ್ನು ಮೇಲೆತ್ತಬಹುದು, ನಮ್ಮ ಹುರುಳಿಯ ಹೊಲಕ್ಕೆ ತುಂತುರು ಮಾತ್ರ ದಕ್ಕಬಹುದು.

ನಮ್ಮ ಹಿರಿಯರಿಗೆ ಈ ಸಂಗತಿ ತಿಳಿದಿತ್ತು. ಚಿತ್ತೆ ಮಳೆಯನ್ನು ಅವರು 'ಕುರುಡು ಚಿತ್ತೆ' ಎಂದರು. ಕುರುಡಿ ಬೀಜ ಎರಚಿದ ಹಾಗೆ ಅದು ಎರಚಿದತ್ತ ಬೆಳೆ, ಪಕ್ಕದ ಹೊಲ ಒಣ. ಹವಾಮಾನದ ವಿಜ್ಞಾನಿಗಳು ಸಂಭವದ ಲೆಕ್ಕದಲ್ಲಿ ಹೇಳುವುದನ್ನು ನಮ್ಮ ಅಜ್ಜಂದಿರು ಒಂದೇ ಮಾತಿನಲ್ಲಿ ಹೇಳಿದ್ದರು.

ದೂರದ ಪೆಸಿಫಿಕ್ ಸಾಗರದ ನೀರು ಬಿಸಿಯಾಗುವ ಎಲ್ ನಿನೋ ವರ್ಷಗಳಲ್ಲಿ ಮುಂಗಾರು ಸೊರಗುವುದುಂಟು, ಹಿಂಗಾರಿಗೆ ಅದು ಹಲವು ಸಲ ಅನುಕೂಲ. ಆ ನೀರು ತಣ್ಣಗಾಗುವ ಲಾ ನಿನಾ ವರ್ಷಗಳಲ್ಲಿ ಹಿಂಗಾರು ಹಿಂದೆಗೆಯುವುದು ಹೆಚ್ಚು. ಆದರೂ ಇದು ಕಟ್ಟಳೆಯೇನಲ್ಲ. ೨೦೧೬ರಲ್ಲಿಯೂ ೨೦೨೧ರಲ್ಲಿಯೂ ಲಾ ನಿನಾ ಇತ್ತು. ೨೦೧೬ರಲ್ಲಿ ತಮಿಳುನಾಡಿನಲ್ಲೂ ನಮ್ಮ ದಕ್ಷಿಣ ಒಳನಾಡಿನಲ್ಲೂ ಹಿಂಗಾರು ವಾಡಿಕೆಯ ಅರ್ಧದಷ್ಟೂ ಬೀಳಲಿಲ್ಲ. ೨೦೨೧ರ ನವೆಂಬರಿನಲ್ಲಿ ಎಷ್ಟು ಸುರಿಯಿತೆಂದರೆ ದಕ್ಷಿಣ ಕರ್ನಾಟಕದ ಎಷ್ಟೋ ಕಡೆ ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ಮೊಳಕೆಯೊಡೆಯಿತು. ಹಾಗೆಂದು ಮುನ್ಸೂಚನೆಯನ್ನು ಕಸಕ್ಕೆಸೆಯಬೇಡಿ. ಹತ್ತರಲ್ಲಿ ಆರೇಳು ಸಲ ನಿಜ ಹೇಳುವ ನೆರೆಯವನ ಮಾತನ್ನು ನಾವು ಕೇಳುವುದಿಲ್ಲವೇ? ಕೇಳುತ್ತೇವೆ, ಆದರೆ ಇದ್ದುದನ್ನೆಲ್ಲ ಅವನ ಮಾತಿನ ಮೇಲೆ ಒಡ್ಡುವುದಿಲ್ಲ.

ನನ್ನ ತಪ್ಪು

ಈಗ ೨೦೧೬ರ ಕಥೆಗೆ ಬರುತ್ತೇನೆ. ಆ ವರ್ಷ ಮುಂಗಾರೂ ಕೈಕೊಟ್ಟಿತ್ತು. ಅಕ್ಟೋಬರ್, ಜಪಮಾಲೆಯ ತಿಂಗಳು. ದಿನವೂ ಸಂಜೆ ಜಪಮಾಲೆಗೆ ಬರುತ್ತಿದ್ದ ಜನರ ಮುಖದಲ್ಲಿ ಒಂದೇ ಪ್ರಶ್ನೆ: ಇರುವ ಹುರುಳಿಯನ್ನು ಬಿತ್ತುವುದೋ, ಇಟ್ಟುಕೊಳ್ಳುವುದೋ? ಹುರುಳಿಯೆಂದರೆ ಬೀಜವೂ ಅದೇ, ಸಾರಿಗೆ ಹಾಕುವ ಕಾಳೂ ಅದೇ. ಬಿತ್ತಿ ಮಳೆ ಬಾರದಿದ್ದರೆ ಬೆಳೆಯೂ ಇಲ್ಲ, ಊಟವೂ ಇಲ್ಲ.

ಒಂದು ಭಾನುವಾರ ನಾನು ಸರೆಪ್ತದ ವಿಧವೆಯ ಮೇಲೆ ಪ್ರಬೋಧನೆ ಕೊಟ್ಟೆ. ಬರಗಾಲ. ಮಡಕೆಯಲ್ಲಿ ಒಂದು ಹಿಡಿ ಹಿಟ್ಟು, ಕುಡಿಕೆಯಲ್ಲಿ ತುಸು ಎಣ್ಣೆ. ಅದನ್ನು ಸುಟ್ಟುಕೊಂಡು ತಿಂದು ಮಗನೊಡನೆ ಸಾಯಲು ಸಿದ್ಧಳಾಗಿದ್ದ ಹೆಂಗಸಿನ ಬಳಿ ಪ್ರವಾದಿ ಎಲೀಯ ಬಂದು, ಮೊದಲು ತನಗೊಂದು ರೊಟ್ಟಿ ಮಾಡಿಕೊಡೆಂದು ಕೇಳಿದ. ಅವಳು ಕೊಟ್ಟಳು. ಮಳೆ ಬರುವ ದಿನದವರೆಗೂ ಅವಳ ಹಿಟ್ಟು ತೀರಲಿಲ್ಲ, ಎಣ್ಣೆ ಮುಗಿಯಲಿಲ್ಲ. ಇದನ್ನು ಹೇಳಿ ನಾನು, "ಲೆಕ್ಕ ಹಾಕುವವನು ನಂಬುವವನಲ್ಲ. ನಂಬಿ ಬಿತ್ತಿರಿ, ದೇವರು ಮಳೆ ಕೊಡುತ್ತಾರೆ" ಎಂದು ಗಟ್ಟಿಯಾಗಿ ಸಾರಿದೆ. ಮಾತು ಚೆನ್ನಾಗಿ ಬಂದಿತ್ತು. ಪೂಜೆಯ ನಂತರ ಹಲವರು ಮೆಚ್ಚಿದರು. ನನಗೂ ಸಂತೋಷವಾಯಿತು.

ಮಳೆ ಬರಲಿಲ್ಲ.

ಕ್ರಿಸ್ಮಸ್‌ಗೆ ಕೆಲವು ದಿನಗಳಿರುವಾಗ ಹಿರಿಯ ತಾಯಿಯೊಬ್ಬರು ಗುರುಮನೆಯ ಜಗಲಿಗೆ ಬಂದರು. ಗಂಡ ತೀರಿ ವರ್ಷಗಳಾಗಿದ್ದವು, ಒಬ್ಬನೇ ಮಗ. ಸೆರಗಿನ ಗಂಟು ಬಿಚ್ಚಿ ಎರಡು ಹಿಡಿ ಹುರುಳಿಯನ್ನು ನನ್ನ ಮೇಜಿನ ಮೇಲೆ ಸುರಿದರು. ಹೊಲದ ಬದುವಿನ ನೆರಳಿನಲ್ಲಿ ಉಳಿದ ಗಿಡಗಳಲ್ಲಿ ಸಿಕ್ಕಿದ್ದು ಅಷ್ಟೇ. ಅದರಲ್ಲಿ ದೇವರ ಪಾಲು ತಂದಿದ್ದರು.

"ಇದ್ದುದನ್ನೆಲ್ಲ ಬಿತ್ತಿದ್ರಾ ಅಮ್ಮ?" ಎಂದೆ.

"ನೀವು ಹೇಳಿದ್ರಲ್ಲ ಸ್ವಾಮಿ, ಅದಕ್ಕೇ ಬಿತ್ಬುಟ್ಟೆ."

ಅವರ ದನಿಯಲ್ಲಿ ದೂರಿನ ಸೊಲ್ಲೂ ಇರಲಿಲ್ಲ. ಮಗ ಕೂಲಿಗೆಂದು ಕೊಡಗಿನ ಕಾಫಿ ತೋಟಕ್ಕೆ ಹೋಗಿದ್ದನಂತೆ, ಹಬ್ಬಕ್ಕೂ ಬರುವ ಹಾಗಿರಲಿಲ್ಲ. ಎದ್ದು ಹೊರಟವರು ಬಾಗಿಲಲ್ಲಿ ನಿಂತು, ತಿಳಿದುಕೊಳ್ಳುವ ಆಸೆಯಿಂದಲೇ ಒಂದು ಮಾತು ಕೇಳಿದರು: "ಆ ತಾಯಿ ಮನೇಲಿ ಹಿಟ್ಟು ಮುಗೀಲಿಲ್ಲ ಅಂತ ಹೇಳಿದ್ರಿ. ರೊಟ್ಟಿ ಇಸ್ಕೊಂಡ್ ಮೇಲೆ ಆ ಪ್ರವಾದಿ ಎಲ್ಲಿಗೆ ಹೋದ್ರು ಸ್ವಾಮಿ? ಅವ್ರು ಎಲ್ಲಿ ಉಣ್ತಿದ್ರು?"

ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಅವರು ಹೋದ ಮೇಲೆ ಶ್ರೀಗ್ರಂಥ ತೆಗೆದು ಓದಿದೆ. ಎಷ್ಟು ಸಲ ಓದಿದ್ದ ಅಧ್ಯಾಯ! ಅಲ್ಲಿ ಸ್ಪಷ್ಟವಾಗಿ ಬರೆದಿದೆ: ಆಕೆಯೂ ಎಲೀಯನೂ ಆಕೆಯ ಮನೆಯವರೂ ಬಹುದಿನಗಳವರೆಗೆ ಅದೇ ಮಡಕೆಯಿಂದ ಉಂಡರು. ಪ್ರವಾದಿ ಎಲ್ಲಿಗೂ ಹೋಗಲಿಲ್ಲ. ಅದೇ ಮನೆಯ ಮಾಳಿಗೆಯ ಕೋಣೆಯಲ್ಲಿ ಉಳಿದ. ಹಿಟ್ಟು ಮುಗಿದರೆ ಅವನೂ ಉಪವಾಸ ಬೀಳಬೇಕಾಗಿತ್ತು. ನಾನಾದರೋ ನಂಬಿ ಬಿತ್ತಿರೆಂದು ಹೇಳಿ, ಮಳೆ ಬಂದರೂ ಬಾರದಿದ್ದರೂ ತಪ್ಪದ ನನ್ನ ಊಟಕ್ಕೆ ಹಿಂತಿರುಗಿದ್ದೆ. ಎಲೀಯನ ಮಾತನ್ನು ತೆಗೆದುಕೊಂಡೆ, ಅವನ ತಟ್ಟೆಯನ್ನು ತೆಗೆದುಕೊಳ್ಳಲಿಲ್ಲ.

ಪ್ರಿಯರೇ, ನಿಮ್ಮಲ್ಲಿ ಹಲವರು ಇನ್ನೊಬ್ಬರಿಗೆ ಧೈರ್ಯ ಹೇಳುವ ಸ್ಥಾನದಲ್ಲಿದ್ದೀರಿ. ತಂದೆ ತಾಯಿಯರು, ಉಪದೇಶಿಗಳು, ಊರಿನ ಹಿರಿಯರು, ಸಂಘಗಳ ಮುಖಂಡರು. ಎಲ್ಲ ಸರಿಹೋಗುತ್ತದೆ, ದೇವರಿದ್ದಾರೆ ಎಂದು ಹೇಳುವುದು ಸುಲಭ. ಹೇಳಿದ ಮೇಲೆ ಆ ಮನೆಯ ಮಡಕೆಯಲ್ಲಿ ನಮ್ಮ ಪಾಲೂ ಇರಬೇಕು. ಕಾಯುವವರ ಜೊತೆಗೆ ಕಾಯದವನಿಗೆ ಭರವಸೆಯ ಮಾತಾಡುವ ಹಕ್ಕು ಎಲ್ಲಿಂದ ಬಂದೀತು?

ಏಳು ಸಲ ನೋಡಿ ಬಂದ ಸೇವಕ

ಅದೇ ಎಲೀಯನನ್ನು ಮುಂದಿನ ಅಧ್ಯಾಯದಲ್ಲಿ ಕರ್ಮೆಲ್ ಬೆಟ್ಟದ ಮೇಲೆ ನೋಡಿರಿ. ಕೆಳಗೆ ಮೂಡಣಕ್ಕೆ ಚಾಚಿರುವುದು ಜೆಸ್ರೀಲ್ ಕಣಿವೆ, ಆ ನಾಡಿನ ಫಲವತ್ತಾದ ಹೊಲಗಳ ಸೀಮೆ. ಪಡುವಣಕ್ಕೆ ಸಮುದ್ರ. ಮಳೆ ಕಾಣದೆ ವರ್ಷಗಳಾಗಿವೆ. ಎಲೀಯ ನೆಲಕ್ಕೆ ಬಾಗಿ, ಮೊಣಕಾಲುಗಳ ನಡುವೆ ಮುಖವಿಟ್ಟು ಪ್ರಾರ್ಥಿಸುತ್ತಾನೆ. ಅಷ್ಟೇ ಮಾಡಿ ಸುಮ್ಮನಿರುತ್ತಾನೆಯೇ? ಇಲ್ಲ. ಸೇವಕನನ್ನು ಕರೆದು, ಹೋಗಿ ಸಮುದ್ರದ ಕಡೆ ನೋಡಿ ಬಾ ಎನ್ನುತ್ತಾನೆ. ಸೇವಕ ನೋಡಿ ಬಂದು ಏನೂ ಇಲ್ಲವೆನ್ನುತ್ತಾನೆ. ಮತ್ತೆ ಹೋಗು. ಮತ್ತೆ ಏನೂ ಇಲ್ಲ. ಹೀಗೆ ಏಳು ಸಲ. ಏಳನೆಯ ಸಲ ಸೇವಕ ಕಂಡದ್ದು ಕಡಲಿನಿಂದ ಮೇಲೇಳುತ್ತಿದ್ದ ಒಂದು ಸಣ್ಣ ಮೋಡ, ಮನುಷ್ಯನ ಅಂಗೈಯಷ್ಟು. ಆ ಕೂಡಲೇ ಎಲೀಯ ಅರಸನಾದ ಅಹಾಬನಿಗೆ ಹೇಳಿಕಳಿಸುತ್ತಾನೆ: ಮಳೆ ತಡೆಯುವ ಮೊದಲೇ ರಥ ಕಟ್ಟಿಸಿ ಹೊರಡು.

ಇಲ್ಲಿ ಮೂರು ಕೆಲಸಗಳಿವೆ. ಬೇಡಿಕೊಳ್ಳುವುದು, ನೋಡುವುದು, ಸಿದ್ಧವಾಗುವುದು. ಪ್ರವಾದಿಯ ಪ್ರಾರ್ಥನೆಗೆ ಸೇವಕನ ಕಣ್ಣು ಅಡ್ಡಿಯಾಗಲಿಲ್ಲ. ಆರು ಸಲ ಏನೂ ಇಲ್ಲವೆಂದು ಹೇಳುವಷ್ಟು ಪ್ರಾಮಾಣಿಕ ಸೇವಕ ಬೇಕು, ಏನೂ ಇಲ್ಲದಾಗ ಏನೋ ಕಂಡಿತೆಂದು ಹೇಳುವವನು ಬೇಡ. ನಮ್ಮ ಹವಾಮಾನ ಕೇಂದ್ರಗಳಲ್ಲಿ ಕೂತು ಮೋಡಗಳ ಚಿತ್ರ ನೋಡುವವರು ಆ ಸೇವಕನ ಕೆಲಸವನ್ನೇ ಮಾಡುತ್ತಿದ್ದಾರೆ. ನಮ್ಮ ರಾಜ್ಯದಲ್ಲಿ ೧೯೮೮ರಲ್ಲೇ ಬರದ ಮೇಲೆ ಕಣ್ಣಿಡುವ ಕೇಂದ್ರ ಆರಂಭವಾಯಿತು. ಇಂದು ಅದರ ಮಳೆಮಾಪಕಗಳು ಗ್ರಾಮ ಪಂಚಾಯಿತಿಗಳವರೆಗೂ ಬಂದಿವೆ, 'ವರುಣ ಮಿತ್ರ'ವೆಂಬ ಅದರ ಸಹಾಯವಾಣಿಗೆ ಫೋನು ಮಾಡಿ ರೈತರು ಮಳೆಯ ಸುದ್ದಿ ಕೇಳುವ ಏರ್ಪಾಡಾಗಿದೆ. ಇವರ ಮಾತು ಕೇಳುವುದು ನಂಬಿಕೆಯ ಕೊರತೆಯೆಂದು ನಾನು ಒಮ್ಮೆ ತಿಳಿದಿದ್ದೆ. ಕರ್ಮೆಲ್ ಬೆಟ್ಟ ನನ್ನನ್ನು ತಿದ್ದಿತು.

ಅವನು ಪ್ರವಾದಿ, ನಾವು ಯಾರು ಎನ್ನುವಿರಾ? ಸಂತ ಯಕೋಬರು ತಮ್ಮ ಪತ್ರದ ಐದನೆಯ ಅಧ್ಯಾಯದಲ್ಲಿ ಎಲೀಯನೂ ನಮ್ಮಂತಹ ಸ್ವಭಾವದ ಮನುಷ್ಯನೇ ಎಂದು ನೆನಪಿಸುತ್ತಾರೆ. ಅದಕ್ಕೂ ಮೊದಲು ಅದೇ ಅಧ್ಯಾಯದಲ್ಲಿ, ಮುಂಗಾರು ಹಿಂಗಾರು ಮಳೆಗಳಿಗಾಗಿ ತಾಳ್ಮೆಯಿಂದ ಕಾಯುವ ಬೇಸಾಯಗಾರನನ್ನು ನಮಗೆಲ್ಲ ಗುರುವಾಗಿ ತೋರಿಸುತ್ತಾರೆ. ಬೇಸಾಯಗಾರನ ಕಾಯುವಿಕೆ ಕೈಕಟ್ಟಿ ಕೂರುವುದಲ್ಲವೆಂದು ನಿಮಗೆ ಹೇಳಬೇಕಾಗಿಲ್ಲ. ಬದು ಕಟ್ಟುತ್ತಾನೆ, ಕಳೆ ಕೀಳುತ್ತಾನೆ, ಕೃಷಿ ಹೊಂಡದ ಹೂಳೆತ್ತುತ್ತಾನೆ, ಬೀಜವನ್ನೆಲ್ಲ ಒಂದೇ ಹದಕ್ಕೆ ಸುರಿಯದೆ ಒಂದು ಪಾಲು ತೆಗೆದಿಡುತ್ತಾನೆ.

ಕೊನೆಯ ಯಾತ್ರಿಕ ಮನೆ ಸೇರುವವರೆಗೆ

ಬೈಬಲಿನ ಈ 'ಮುಂಗಾರು' ನಮ್ಮ ಮುಂಗಾರಲ್ಲ. ಪವಿತ್ರ ನಾಡಿನಲ್ಲಿ ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಮಳೆಯೇ ಇಲ್ಲವೆನ್ನಬಹುದು. ಅಲ್ಲಿಯ ಮೊದಲ ಮಳೆ ಬೀಳುವುದು ಅಕ್ಟೋಬರ್, ನವೆಂಬರಿನಲ್ಲಿ, ನಮ್ಮ ಚಿತ್ತೆ ಸ್ವಾತಿಗಳ ಹೊತ್ತಿಗೆ. ಹಿಂಗಾರು ಮಾರ್ಚ್, ಏಪ್ರಿಲಿನಲ್ಲಿ. ಅಂದರೆ ನಾವು ಇಲ್ಲಿ ಮೂಡಣಕ್ಕೆ ಮುಖಮಾಡಿ ಕಾಯುವ ದಿನಗಳಲ್ಲೇ ಜೆಸ್ರೀಲ್ ಕಣಿವೆಯ ರೈತ ಪಡುವಣಕ್ಕೆ ಮುಖಮಾಡಿ ಕಾಯುತ್ತಾನೆ. ಆ ಕಣಿವೆಯ ಬಡಗಣ ಅಂಚಿನ ಗುಡ್ಡಗಳಲ್ಲೇ ನಜರೇತ್ ಇದೆ. ನಮ್ಮ ಯೇಸುಸ್ವಾಮಿ ಬೆಳೆದದ್ದು ಹೀಗೆ ಮಳೆಗೆ ಕಾಯುವ ಜನರ ನಡುವೆ.

ಆ ಕಾಲದಲ್ಲೇ ಅಲ್ಲಿ ಪರ್ಣಕುಟೀರಗಳ ಹಬ್ಬ ಬರುತ್ತಿತ್ತು. ಜನ ದೂರದೂರದಿಂದ ಜೆರುಸಲೇಮಿಗೆ ಬರುತ್ತಿದ್ದರು. ಸಿಲೋವಾಂ ಕೊಳದಿಂದ ನೀರು ತಂದು ಬಲಿಪೀಠದ ಮೇಲೆ ಸುರಿಯುತ್ತಿದ್ದರು. ಆ ಹಬ್ಬದ ಕೊನೆಯ ದಿನವೇ ಯೇಸು ನಿಂತು, ಬಾಯಾರಿದವರು ತಮ್ಮ ಬಳಿಗೆ ಬರಲೆಂದು ಕೂಗಿ ಕರೆದರೆಂದು ಸಂತ ಯೊವಾನ್ನರು ಬರೆದಿದ್ದಾರೆ (ಯೊವಾನ್ನ ೭:೩೭). ನೀರಿಗಾಗಿ ಆಕಾಶ ನೋಡುತ್ತಿದ್ದ ಜನರ ನಡುವೆ ಆ ಮಾತು ಹೇಗೆ ಕೇಳಿಸಿರಬೇಕು, ಯೋಚಿಸಿ.

ಈ ಹಬ್ಬದ ಕುರಿತು ಯೆಹೂದ್ಯರಲ್ಲಿ ಒಂದು ಹಳೆಯ ಕಟ್ಟಳೆಯಿದೆ. ಅವರ ಧರ್ಮಗುರುಗಳ ಮಾತುಗಳನ್ನು ಕ್ರಿಸ್ತಶಕ ೨೦೦ರ ಸುಮಾರಿಗೆ ಸಂಗ್ರಹಿಸಿದ ಮಿಷ್ನಾ ಗ್ರಂಥದಲ್ಲಿ ಅದು ದಾಖಲಾಗಿದೆ. ಹಬ್ಬ ಮುಗಿದೊಡನೆ ಮಳೆ ಬೇಡಬೇಕಾದದ್ದು ಸಹಜ, ಹೊಲಗಳು ಒಣಗಿ ಬಿರುಕು ಬಿಟ್ಟಿರುತ್ತವೆ. ಆದರೂ ಮಳೆ ಕೊಡೆಂಬ ಬೇಡಿಕೆಯನ್ನು ಹದಿನೈದು ದಿನ ತಡೆದು ಆರಂಭಿಸಬೇಕು. ಏಕೆ ಗೊತ್ತೇ? ಹಬ್ಬಕ್ಕೆ ಬಂದವರಲ್ಲಿ ಅತಿ ದೂರದವನು ನಡೆದು ಯೂಫ್ರೆಟಿಸ್ ನದಿಯನ್ನು ತಲಪಲು ಅಷ್ಟು ದಿನ ಬೇಕು. ಅವನು ದಾರಿಯಲ್ಲಿ ನೆನೆಯಬಾರದು, ಕೆಸರಿನಲ್ಲಿ ಸಿಕ್ಕಬಾರದು. ಕೊನೆಯ ಯಾತ್ರಿಕ ನದಿ ಮುಟ್ಟುವವರೆಗೆ ಇಡೀ ನಾಡು ತನ್ನ ಬಾಯಾರಿಕೆಯನ್ನು ಅದುಮಿಕೊಂಡು ಕಾಯಬೇಕು.

ಇದನ್ನು ಮೊದಲ ಸಲ ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ನಾವು ಮಳೆ ಬೇಡುವಾಗ ಯಾರನ್ನು ನೆನೆಯುತ್ತೇವೆ? ನನಗೆ ಹುರುಳಿ ಬಿತ್ತಲು ಮಳೆ ಬೇಕು, ಪಕ್ಕದವನ ರಾಗಿ ಕೊಯ್ದು ಹೊಲದಲ್ಲಿ ಬಿದ್ದಿದೆ. ನನಗೆ ಕೆರೆ ತುಂಬಬೇಕು, ಊರ ಹೊರಗೆ ಇಟ್ಟಿಗೆ ಸುಡುವ ಕೂಲಿಗಳ ಗುಡಿಸಲಿಗೆ ಸೂರಿಲ್ಲ. ನಮ್ಮ ಪೂಜಾಗ್ರಂಥದಲ್ಲಿಯೂ ಮಳೆಗಾಗಿ ಬೇಡುವ ಪ್ರಾರ್ಥನೆಯಿದೆ, ಒಳ್ಳೆಯ ಬಿಸಿಲಿಗಾಗಿ ಬೇಡುವುದೂ ಇದೆ. ತಾಯಿಯಾದ ಧರ್ಮಸಭೆಗೆ ಎರಡು ಬಗೆಯ ಮಕ್ಕಳೂ ಇದ್ದಾರೆ. ನೆರೆಯವನನ್ನು ಮರೆತು ಬೇಡಿದ ಮಳೆ ಬಂದರೂ ಅದು ಅರ್ಧ ಮಳೆಯೇ.

ಆಕಾಶ ಓದಬಲ್ಲವರೇ

ಯೇಸುಸ್ವಾಮಿ ಹವಾಮಾನ ನೋಡುವವರನ್ನು ಹಳಿಯಲಿಲ್ಲ. ಪಡುವಣದಲ್ಲಿ ಮೋಡವೆದ್ದರೆ ಮಳೆ, ತೆಂಕಣ ಗಾಳಿ ಬೀಸಿದರೆ ಬಿಸಿಲ ಝಳ ಎಂದು ನೀವು ಹೇಳುತ್ತೀರಿ, ಹಾಗೆಯೇ ಆಗುತ್ತದೆ ಎಂದು ಒಪ್ಪಿಕೊಂಡರು. ಆಕಾಶವನ್ನು ಓದಬಲ್ಲ ನೀವು ಈ ಕಾಲವನ್ನು ಓದಲಾರಿರೇಕೆ ಎಂದು ಕೇಳಿದರು (ಲೂಕ ೧೨:೫೪-೫೯). ಅದರ ಬೆನ್ನಿಗೇ ಅವರು ಹೇಳಿದ್ದೇನು? ವ್ಯಾಜ್ಯ ಹೂಡಿದವನೊಡನೆ ನ್ಯಾಯಾಧಿಪತಿಯ ಮುಂದೆ ಹೋಗುವ ದಾರಿಯಲ್ಲೇ ರಾಜಿಯಾಗಿರಿ ಎಂದು. ಮೋಡದ ಮಾತಿನಿಂದ ನೇರವಾಗಿ ಜಗಳದ ಮಾತಿಗೆ ಬಂದರು. ಬರದ ವರ್ಷಗಳನ್ನು ಕಂಡವರಿಗೆ ಇದರ ಅರ್ಥ ಬೇಗ ತಿಳಿಯುತ್ತದೆ. ಮಳೆ ಹಿಂದೆಗೆದಾಗ ಅಣ್ಣತಮ್ಮಂದಿರ ಪಾಲಿನ ಬಾವಿಗೆ ಬೀಗ ಬೀಳುತ್ತದೆ. ಒಬ್ಬ ಮುನ್ನೂರು ಅಡಿ ಕೊರೆಸಿದರೆ ಇನ್ನೊಬ್ಬ ಸಾಲ ಮಾಡಿ ಆರುನೂರು ಅಡಿ ಕೊರೆಸುತ್ತಾನೆ, ಮೊದಲನೆಯವನ ಬಾವಿ ಬತ್ತುತ್ತದೆ, ಸಾಲ ಮಾತ್ರ ಇಬ್ಬರಿಗೂ ಉಳಿಯುತ್ತದೆ. ಇದೂ ಒಂದು ಹವಾಮಾನವೇ. ಇದನ್ನು ಓದಲು ಯಾವ ಇಲಾಖೆಯೂ ಬೇಕಿಲ್ಲ.

ಇನ್ನೊಂದು ಮಾತು. ಬರ ಬಂದಾಗ ಯಾರ ಪಾಪಕ್ಕೆ ಹೀಗಾಯಿತೆಂದು ಬೆರಳು ತೋರಿಸಬೇಡಿ. ೨೦೨೩ರಲ್ಲಿ ನಮ್ಮ ರಾಜ್ಯದ ೨೨೩ ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಲಾಯಿತು. ಅಲ್ಲೆಲ್ಲ ಪಾಪಿಗಳೇ ಇದ್ದರೇ? ತಂದೆಯಾದ ದೇವರು ನೀತಿವಂತರ ಮೇಲೂ ಅನೀತಿವಂತರ ಮೇಲೂ ಮಳೆ ಸುರಿಸುತ್ತಾರೆಂದು ಯೇಸು ಹೇಳಿರುವಾಗ (ಮತ್ತಾಯ ೫:೪೫), ಮಳೆ ನಿಂತಾಗ ತೀರ್ಪು ಕೊಡಲು ನಾವು ಯಾರು? ಆದರೆ ನಮ್ಮೆಲ್ಲರ ಕೈಯಿಂದ ಆದ ತಪ್ಪನ್ನು ಒಪ್ಪಿಕೊಳ್ಳೋಣ. ಕೆರೆಯಂಗಳ ಒತ್ತಿದ್ದು, ಬೆಟ್ಟದ ಮರ ಕಡಿದಿದ್ದು, ಹೊಗೆಯಿಂದ ಭೂಮಿಯನ್ನು ಕಾಯಿಸಿದ್ದು. ದಿವಂಗತ ಜಗದ್ಗುರು ಫ್ರಾನ್ಸಿಸ್‌ರವರು ೨೦೧೫ರ 'ಲೌದಾತೊ ಸೀ' ವಿಶ್ವಪತ್ರದಲ್ಲಿ, ಭೂಮಿಯ ಗೋಳೂ ಬಡವರ ಗೋಳೂ ಒಟ್ಟಾಗಿಯೇ ಕೇಳಬೇಕಾದವೆಂದು ನಮ್ಮನ್ನು ಎಚ್ಚರಿಸಿದ್ದರು.

ಈ ವಾರ ಮನೆಯಲ್ಲಿ

ಆ ತಾಯಿಯ ಪ್ರಶ್ನೆಯ ನಂತರ ನಮ್ಮಲ್ಲಿ ದೊಡ್ಡ ಕಾರ್ಯವೇನೂ ನಡೆಯಲಿಲ್ಲ. ಮುಂದಿನ ಭಾನುವಾರ ಬಲಿಪೂಜೆಯಲ್ಲಿ ನನ್ನ ತಪ್ಪನ್ನು ಜನರ ಮುಂದೆ ಹೇಳಿಕೊಂಡೆ. ಆ ಬೇಸಿಗೆಯಲ್ಲಿ ವಾರಕ್ಕೆರಡು ದಿನ ಒಂದೊಂದು ಮನೆಯಲ್ಲಿ, ಅವರು ಉಣ್ಣುವುದನ್ನೇ, ಅವರೊಡನೆ ಕೂತು ಉಂಡೆ. ಮರುವರ್ಷದ ಸುಗ್ಗಿಯಲ್ಲಿ ಕೆಲವು ಮನೆಯವರು ತಾವಾಗಿಯೇ ಒಂದೊಂದು ಸೇರು ಬೀಜ ತಂದು ದೇವಾಲಯದ ಹಿಂದಿನ ಕೋಣೆಯಲ್ಲಿಟ್ಟರು. ಬಿತ್ತಿದ್ದು ಒಣಗಿದವರು ಅಲ್ಲಿಂದ ಕೇಳಿ ಒಯ್ಯುತ್ತಾರೆ, ಬೆಳೆದಾಗ ಹಿಂದಿರುಗಿಸುತ್ತಾರೆ. ಜಾತಿ, ಧರ್ಮ ಕೇಳುವುದಿಲ್ಲ. ಆ ತಾಯಿ ಒಯ್ದದ್ದೂ ಉ೦ಟು, ತಂದಿಟ್ಟದ್ದೂ ಉಂಟು.

ನೀವು ಏನು ಮಾಡಬಹುದು? ಸಂಜೆಯ ಜಪಮಾಲೆಯ ನಂತರ ಮಕ್ಕಳಿಂದ ನಾಳಿನ ಹವಾಮಾನ ವರದಿ ಓದಿಸಿ, ಅದನ್ನೂ ಪ್ರಾರ್ಥನೆಯ ಭಾಗವೆಂದೇ ತಿಳಿಯಿರಿ. ಬಿತ್ತುವ ಮೊದಲು ಒಂದು ಪಾಲು ಬೀಜ ತೆಗೆದಿಡಿ, ಅದು ಅಪನಂಬಿಕೆಯಲ್ಲ. ಬಾವಿಯ ಜಗಳವಿದ್ದರೆ ಮಳೆ ಬರುವ ಮೊದಲೇ ಅಣ್ಣನ ಮನೆಯ ಬಾಗಿಲು ತಟ್ಟಿ. ಮಳೆ ಬಂದ ಮೇಲೆ ರಾಜಿಯಾಗುವುದು ಯಾರಿಗೂ ಸುಲಭ. ಪಟ್ಟಣದಲ್ಲಿರುವ ಓದುಗರೇ, ನಿಮ್ಮ ನಲ್ಲಿಯಲ್ಲಿ ನೀರು ಬರುತ್ತಿರಬಹುದು, ಊರಿನಲ್ಲಿರುವ ಅಪ್ಪ ಅಮ್ಮನಿಗೆ ಈ ದಿನಗಳಲ್ಲಿ ಫೋನು ಮಾಡಿ ಮಳೆಯಾಯಿತೇ ಎಂದು ಕೇಳಿ. ಆಗಲಿಲ್ಲವೆಂದರೆ ಧೈರ್ಯ ಹೇಳಿ ಫೋನು ಇಡಬೇಡಿ. ಮನೆಯಲ್ಲಿ ಏನಿದೆ, ಏನಿಲ್ಲವೆಂದು ಕೇಳಿ.

ನಾನು ಈ ಸಾಲುಗಳನ್ನು ಬರೆಯುವಾಗ ಕಿಟಕಿಯಾಚೆ ಮೂಡಣದ ಬೆಟ್ಟದ ನೆತ್ತಿಯಲ್ಲಿ ತುಸು ಮೋಡವಿದೆ. ಅಂಗೈಯಗಲದಷ್ಟೂ ಇಲ್ಲ. ಅದು ಮಳೆಯಾದೀತೋ ಗಾಳಿಗೆ ಚದುರೀತೋ ಹೇಳಲಾರೆ, ಹೇಳುವ ಅವಸರವನ್ನೂ ಈಗ ಬಿಟ್ಟಿದ್ದೇನೆ. ಆದರೆ ಇಂದು ರಾತ್ರಿ ಯಾರ ಮನೆಯಲ್ಲಿ ಉಣ್ಣಬೇಕೆಂಬುದು ನನಗೆ ಗೊತ್ತಿದೆ.

ಪ್ರಾರ್ಥಿಸೋಣ: ತಂದೆಯೇ, ಆಕಾಶಕ್ಕೂ ಹೊಲಕ್ಕೂ ಒಡೆಯರೇ, ನಮಗೆ ಹದವರಿತ ಮಳೆ ಕೊಡಿರಿ. ಅದು ತಡವಾದರೆ ತಾಳ್ಮೆ ಕೊಡಿರಿ, ತಪ್ಪಿದರೆ ಒಬ್ಬರನ್ನೊಬ್ಬರು ಕೈಬಿಡದ ಮನಸ್ಸು ಕೊಡಿರಿ. ಏಳನೆಯ ಸಲವೂ ಎದ್ದು ನೋಡುವ ಕಣ್ಣು ಕೊಡಿರಿ. ದಾರಿಯಲ್ಲಿರುವ ಕೊನೆಯ ಯಾತ್ರಿಕನನ್ನು ಮರೆಯದ ಬಾಯಾರಿಕೆ ಕೊಡಿರಿ. ನಮ್ಮ ಪ್ರಭು ಕ್ರಿಸ್ತರ ಮೂಲಕ ಬೇಡುತ್ತೇವೆ. ಆಮೆನ್.